ಯುರೋಪಿನ ರೈಲು ಪ್ರವಾಸ: ಪಾಸ್ ಕೊಳ್ಳುವುದೋ, ಬಿಡಿ ಟಿಕೆಟ್ ಕೊಳ್ಳುವುದೋ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಬರುವ ಮೇ ತಿಂಗಳಿನಲ್ಲಿ ನಾನು ಮತ್ತು ನನ್ನ ತಂಗಿ 18 ದಿನಗಳ ಮಟ್ಟಿಗೆ ಯುರೋಪಿಗೆ ಹೋಗಬೇಕೆಂದಿದ್ದೇವೆ. ಪ್ಯಾಕೇಜ್ ಪ್ರವಾಸದ ಬಸ್ಸಿನಲ್ಲಿ ಕುಳಿತು, ಊರಿಗೊಂದು ಗಂಟೆಯಂತೆ ಇಳಿದು ಹತ್ತುವುದು ಇಬ್ಬರಿಗೂ ಬೇಡವಾಗಿದೆ. ಬೆನ್ನಿಗೊಂದು ಬ್ಯಾಗು ಹಾಕಿಕೊಂಡು, ಊರಿಂದ ಊರಿಗೆ ರೈಲಿನಲ್ಲೇ ಹೋಗಿ, ಪ್ರವಾಸಿಗರ ಹಾಸ್ಟೆಲ್ಲುಗಳಲ್ಲಿ ಉಳಿದುಕೊಳ್ಳುವ ಯೋಚನೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ಬುಡಾಪೆಸ್ಟ್, ವಿಯೆನ್ನಾ, ವೆನಿಸ್, ರೋಮ್ ಎಂದು ಪಟ್ಟಿ ಮಾಡಿದ್ದೇವೆ. ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಬಿಡುವ ಯುರೇಲ್ ಪಾಸ್ ಕೊಂಡರೆ ಇಷ್ಟಕ್ಕೂ ಅದೊಂದೇ ಸಾಕೇ, ಅಥವಾ ಬಿಡಿಬಿಡಿಯಾಗಿ ಟಿಕೆಟ್ ಕೊಳ್ಳುವುದು ಅಗ್ಗವೇ? ನಾವಿಬ್ಬರೂ ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ಸಕಲೇಶಪುರದಿಂದ)

ಮೇಡಂ, ಪಾಸಿನ ಲೆಕ್ಕಕ್ಕಿಂತ ಮೊದಲು ಊರುಗಳ ಲೆಕ್ಕ ಮಾಡೋಣ. ಒಂದೂರು ಬಿಟ್ಟು ಇನ್ನೊಂದೂರು ಸೇರಿ, ಹಾಸ್ಟೆಲ್ ಹುಡುಕಿ, ಬ್ಯಾಗು ಇಳಿಸುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಎಂಟು ಊರುಗಳೆಂದರೆ 18 ದಿನಗಳಲ್ಲಿ ಮೂರೂವರೆ ದಿನ ಬರೀ ಓಡಾಟಕ್ಕೇ ಹೋಯಿತು. ಹಣವೂ ದೂರಕ್ಕೇ ಹೆಚ್ಚು ಖರ್ಚಾಗುತ್ತದೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್ ಮೂರನ್ನೂ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಹೋಗುವಾಗ ವಿಮಾನದಲ್ಲಿ ಪ್ರಾಗ್‌ಗೆ ಇಳಿದು, ಬರುವಾಗ ರೋಮ್‌ನಿಂದ ಹತ್ತುವಂತೆ ಟಿಕೆಟ್ ಮಾಡಿಸಿದರೆ, ಬಂದ ದಾರಿಯಲ್ಲೇ ಹಿಂದಿರುಗುವ ಖರ್ಚು ಉಳಿಯುತ್ತದೆ. ಪ್ರಾಗ್‌ನಿಂದ ಬುಡಾಪೆಸ್ಟ್‌ಗೆ ಸುಮಾರು ಏಳು ಗಂಟೆ, ಅಲ್ಲಿಂದ ವಿಯೆನ್ನಾಕ್ಕೆ ಮೂರು ಗಂಟೆಯೊಳಗೆ, ಆಮೇಲೆ ವೆನಿಸ್, ಕೊನೆಗೆ ರೋಮ್.

ಹೀಗೆ ಮಾಡಿದರೆ ನಿಮಗಿರುವುದು ನಾಲ್ಕೇ ದೊಡ್ಡ ಪ್ರಯಾಣಗಳು. ನಾಲ್ಕು ಪ್ರಯಾಣಕ್ಕೆ ಪಾಸ್ ಬೇಡ. ಅಲ್ಲಿನ ರೈಲ್ವೆಗಳಲ್ಲಿ ವಿಮಾನದ ಟಿಕೆಟ್ಟಿನಂತೆ ದಿನ ಹತ್ತಿರವಾದಷ್ಟೂ ದರ ಏರುತ್ತದೆ. ಎರಡು ಮೂರು ತಿಂಗಳು ಮೊದಲೇ ಆಯಾ ದೇಶದ ರೈಲ್ವೆಯ ಜಾಲತಾಣದಲ್ಲಿಯೇ ಕೊಂಡರೆ ಬಹಳ ಅಗ್ಗ. ಆದರೆ ಈ ಅಗ್ಗದ ಟಿಕೆಟ್ ಸಾಮಾನ್ಯವಾಗಿ ಅದೇ ರೈಲಿಗೆ ಮಾತ್ರ ನಡೆಯುತ್ತದೆ, ತಪ್ಪಿಸಿಕೊಂಡರೆ ಹಣ ಹೋದಂತೆಯೇ. ಪಾಸ್ ಇರುವುದು ಇಂದು ಎಲ್ಲಿಗೆ ಹೋಗಬೇಕೆಂದು ಬೆಳಿಗ್ಗೆ ಎದ್ದು ತೀರ್ಮಾನಿಸುವವರಿಗೆ. ಅದು 33 ದೇಶಗಳಲ್ಲಿ ನಡೆಯುತ್ತದೆ, 27 ವರ್ಷದವರೆಗೆ ರಿಯಾಯಿತಿಯೂ ಇದೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಹೆಚ್ಚಿನ ಹಗಲು ರೈಲುಗಳಿಗೆ ಪಾಸ್ ಹಿಡಿದು ನೇರವಾಗಿ ಹತ್ತಬಹುದು. ಫ್ರಾನ್ಸ್, ಇಟಲಿ, ಸ್ಪೇನಿನ ವೇಗದ ರೈಲುಗಳಲ್ಲಿ ಮಾತ್ರ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಬೇರೆ ಹಣ ಕೊಡಬೇಕು. ರಾತ್ರಿ ರೈಲಿನ ಬರ್ತಿಗೂ ಹಾಗೆಯೇ.

ವಿಯೆನ್ನಾದಿಂದ ವೆನಿಸ್‌ಗೆ ರಾತ್ರಿ ರೈಲಿದೆ, ಒಂದು ರಾತ್ರಿಯ ಹಾಸ್ಟೆಲ್ ಬಾಡಿಗೆ ಉಳಿಯುತ್ತದೆ ಎಂದು ಯಾರಾದರೂ ಹೇಳಿಯಾರು. ನೀವು ಹಗಲು ರೈಲಿಗೇ ಹೋಗಿ. ಆ ರೈಲು ಆಸ್ಟ್ರಿಯಾದ ಬೆಟ್ಟಗಳಲ್ಲಿ 1854ರಲ್ಲಿ ತೆರೆದ ಸೆಮ್ಮರಿಂಗ್ ಘಾಟಿಯ ರೈಲುದಾರಿಯನ್ನು ಹತ್ತಿ ಇಳಿಯುತ್ತದೆ. 41 ಕಿ.ಮೀ. ದಾರಿಯಲ್ಲಿ 16 ಕಮಾನು ಸೇತುವೆಗಳಿವೆ, ಕೆಲವು ಎರಡಂತಸ್ತಿನವು; 1998ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳನ್ನು ಚಿಕ್ಕಂದಿನಿಂದ ಎಣಿಸುತ್ತ ಬೆಳೆದವನು ನಾನು. ಸೆಮ್ಮರಿಂಗ್‌ನ ತಿರುವಿನಲ್ಲಿ ರೈಲು ಬಾಗಿದಾಗ ಮುಂದಿನ ಬೋಗಿಗಳು ಕಲ್ಲಿನ ಸೇತುವೆಯ ಮೇಲೆ ಹೋಗುತ್ತಿರುವುದು ನನ್ನ ಕಿಟಕಿಗೇ ಕಂಡಿತು. ನಮ್ಮ ಘಾಟಿಯ ಎಡಕುಮೇರಿ ನಿಲ್ದಾಣದ ಹತ್ತಿರ ಬಾಗಿಲಲ್ಲಿ ನಿಂತಂತೆಯೇ ಆಯಿತು, ಮಳೆ ಮತ್ತು ಜೀರುಂಡೆಗಳ ಸದ್ದು ಮಾತ್ರ ಇರಲಿಲ್ಲ.

ಉತ್ತರ 2 (ಚಿಕ್ಕಮಗಳೂರಿನಿಂದ)

ಸಕಲೇಶಪುರದವರು ಹೇಳಿದ ದಾರಿ ಸರಿಯಾಗಿದೆ. ಇಟಲಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಅಲ್ಲಿನ ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟ್ ಕೊಂಡರೆ, ಹತ್ತುವ ಮೊದಲು ಪ್ಲಾಟ್‌ಫಾರಮ್ಮಿನಲ್ಲಿರುವ ಚಿಕ್ಕ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಲೇಬೇಕು. ನನಗೆ ಇದು ಗೊತ್ತಿರಲಿಲ್ಲ. ಕೈಯಲ್ಲಿ ಹಣ ಕೊಟ್ಟು ಕೊಂಡ ಟಿಕೆಟ್ ಇದ್ದರೂ ದಂಡ ಕಟ್ಟಿದೆ. ಎರಡು ದಿನದ ಊಟದ ಹಣ ಅದರಲ್ಲೇ ಹೋಯಿತು. ಇನ್ನು ವೆನಿಸ್‌ನಲ್ಲಿ ಎರಡು ನಿಲ್ದಾಣಗಳಿವೆ: ಮೆಸ್ತ್ರೆ ಈಚೆ ದಡದ್ದು, ಸಾಂತಾ ಲೂಚಿಯಾ ನೀರಿನಾಚೆಯದು. ಉಳಿಯಲು ಮೆಸ್ತ್ರೆ ಅಗ್ಗ, ನಡುವೆ ಹತ್ತು ಹನ್ನೆರಡು ನಿಮಿಷದ ರೈಲು. ಬೋರ್ಡುಗಳಲ್ಲಿ ವೆನಿಸ್ ಎಂದಿರುವುದಿಲ್ಲ, ವೆನೆಟ್ಸಿಯಾ ಎಂದಿರುತ್ತದೆ. ಪ್ರಾಗ್ ಎಂದರೆ ಪ್ರಾಹಾ, ವಿಯೆನ್ನಾ ಎಂದರೆ ವೀನ್.

ಊಟಕ್ಕೆ ಹೆದರಬೇಡಿ. ಅಡುಗೆಮನೆ ಇರುವ ಹಾಸ್ಟೆಲ್ಲನ್ನೇ ನೋಡಿ ಕಾಯ್ದಿರಿಸಿ. ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ ಒಯ್ದರೆ ರಾತ್ರಿಯ ಊಟ ಆಯಿತು. ಮನೆಯವರು ಪ್ರೀತಿಯಿಂದ ತುಪ್ಪದ ಡಬ್ಬಿ ಇಟ್ಟರೆ ಮಾತ್ರ ತೆಗೆದಿಡಿ, ಹೊರಗಿನ ದೇಶಗಳಿಂದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಆಸ್ಟ್ರಿಯಾದಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ತೆರೆದಿರುತ್ತವೆ. ನೀರನ್ನು ಕೊಳ್ಳಲೇಬೇಡಿ, ವಿಯೆನ್ನಾದ ನಲ್ಲಿಗೆ ಬರುವುದು ಬೆಟ್ಟದ ಬುಗ್ಗೆಯ ನೀರು, ರೋಮ್‌ನ ಬೀದಿ ಬೀದಿಗಳಲ್ಲಿ ಕುಡಿಯುವ ನೀರಿನ ಕಂಬಗಳಿವೆ. ಇಟಲಿಯಲ್ಲಿ ಕಾಫಿಯನ್ನು ಕೌಂಟರಿನ ಬಳಿ ನಿಂತೇ ಕುಡಿಯಿರಿ, ಕುಳಿತರೆ ದರ ಹೆಚ್ಚು. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ತೋಟದ ಕಣದಲ್ಲಿ ರೊಬಸ್ಟಾ ಒಣಗಿಸುವ ನನಗೆ, ಆ ಪುಟ್ಟ ಲೋಟದ ಮೇಲಿನ ಕಂದು ನೊರೆಯಲ್ಲಿ ನಮ್ಮ ಮಲೆನಾಡಿನ ಬೀಜವೂ ಸೇರಿರಬಹುದೆಂದು ಅನಿಸಿ ಮನಸ್ಸು ತುಂಬಿ ಬಂದಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಟ್ಟಿಯನ್ನು ಐದು ಊರುಗಳಿಗೆ ಇಳಿಸಿದ್ದೇವೆ. ಬರ್ಲಿನ್ ಬಿಡುವುದಕ್ಕೆ ತಂಗಿ ಒಪ್ಪಲು ಒಂದು ಸಂಜೆ ಬೇಕಾಯಿತು. ನಾಲ್ಕು ದೇಶಗಳಾಗುವುದರಿಂದ ವೀಸಾಕ್ಕೆ ಯಾವ ದೇಶಕ್ಕೆ ಅರ್ಜಿ ಹಾಕಬೇಕು?

ಉತ್ತರ 3 (ಹಾಸನದಿಂದ)

ನಾಲ್ಕೂ ಷೆಂಗೆನ್ ದೇಶಗಳೇ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನವು, ಆದ್ದರಿಂದ ಒಂದೇ ವೀಸಾ ಸಾಕು. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ವೆನಿಸ್, ರೋಮ್ ಎರಡೂ ಸೇರಿದರೆ ನಿಮಗದು ಇಟಲಿಯೇ ಆಗಬಹುದು, ರಾತ್ರಿಗಳನ್ನು ಎಣಿಸಿ ನೋಡಿ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ತೆಗೆದುಕೊಳ್ಳುತ್ತಾರೆ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಹೋಗಬೇಕು. ಬೇಸಿಗೆಯ ದಿನಗಳಿಗೆ ಅಲ್ಲಿ ಸಮಯ ಸಿಗುವುದು ಕಷ್ಟ, ಆದ್ದರಿಂದ ಜನವರಿಯಲ್ಲೇ ದಿನ ಗೊತ್ತು ಮಾಡಿಕೊಳ್ಳಿ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಹಾಸ್ಟೆಲ್ಲುಗಳನ್ನಷ್ಟೇ ಕಾಯ್ದಿರಿಸಿ, ವಾಪಸ್ ಸಿಗದ ರೈಲು ಟಿಕೆಟ್ಟುಗಳನ್ನು ಆಮೇಲೆ ಕೊಳ್ಳಿ.