ವೆದರ್‌ಗೂ ಹವಾಮಾನ, ಕ್ಲೈಮೇಟ್‌ಗೂ ಹವಾಮಾನ?

ಗೆಳೆಯರೇ, ಒಂದು ಪದ ತಲೆ ತಿನ್ನುತ್ತಿದೆ.

ಮಕ್ಕಳ ಪುಸ್ತಿಕೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ವೆದರ್ (ಇವತ್ತು, ನಾಳೆಯ ಮಳೆ-ಬಿಸಿಲು) ಬೇರೆ, ಕ್ಲೈಮೇಟ್ (ಒಂದು ಊರಲ್ಲಿ ಎಷ್ಟೋ ವರ್ಷಗಳಿಂದ ಸಾಮಾನ್ಯವಾಗಿ ಇರುವ ಮಳೆ-ಬಿಸಿಲು) ಬೇರೆ ಅಂತ ಹೇಳುವ ಸಾಲು ಬಂತು. ರೂಢಿಯ ಮೇಲೆ ಕೈ ಓಡಿತು: ‘ಹವಾಮಾನವೇ ಬೇರೆ, ಹವಾಮಾನವೇ ಬೇರೆ’. ಓದಿ ನನಗೇ ನಗು ಬಂತು.

ತಪ್ಪು ಪೂರ್ತಿ ನನ್ನದಲ್ಲ. 1875ರಲ್ಲಿ ಶುರುವಾದ ಹವಾಮಾನ ಇಲಾಖೆ ನಾಳೆ ಮಳೆ ಬರುತ್ತಾ ಅಂತ ಹೇಳುತ್ತದೆ. ಅಲ್ಲಿ ಹವಾಮಾನ ಅಂದರೆ ವೆದರ್. 2014ರಲ್ಲಿ ಕೇಂದ್ರದ ಪರಿಸರ ಸಚಿವಾಲಯದ ಹೆಸರಿಗೆ ‘ಹವಾಮಾನ ಬದಲಾವಣೆ’ ಸೇರಿಕೊಂಡಿತು. ಅಲ್ಲಿ ಅದೇ ಪದ ಕ್ಲೈಮೇಟ್. ಹಿಂದಿಯವರು ವೆದರ್‌ಗೆ ಮೌಸಮ್, ಕ್ಲೈಮೇಟ್‌ಗೆ ಜಲವಾಯು ಅಂತ ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ನಮ್ಮ ಶಾಲೆಯ ಭೂಗೋಳದಲ್ಲೂ ಕ್ಲೈಮೇಟ್‌ಗೆ ‘ವಾಯುಗುಣ’ ಇದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮುಟ್ಟುವವರು ಕಡಿಮೆ.

ಮಾತಿನಲ್ಲಂತೂ ಇನ್ನೂ ತಲೆಕೆಳಗು. ‘ಇವತ್ತು ಕ್ಲೈಮೇಟ್ ಸೂಪರ್, ಬಜ್ಜಿ ತಿನ್ನೋಣ’ ಅಂತೀವಿ. ಇವತ್ತು ಅಂದ ಮೇಲೆ ಅದು ವೆದರ್ ತಾನೇ! ಕ್ಲೈಮೇಟ್ ಅನ್ನಲು ಸಾಮಾನ್ಯವಾಗಿ 30 ವರ್ಷದ ಲೆಕ್ಕ ನೋಡುತ್ತಾರೆ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಅದು ಆ ದಿನದ ವೆದರ್. ಏಪ್ರಿಲ್ ಮಧ್ಯಾಹ್ನ ಸಾಮಾನ್ಯವಾಗಿ 34ರ ಆಸುಪಾಸು ಇರುತ್ತೆ ಅನ್ನುವುದು ಕ್ಲೈಮೇಟ್.

ಹಳ್ಳಿಯ ಮಾತಿನಲ್ಲಿ ಈ ಗೊಂದಲ ಇರಲಿಲ್ಲ ಅನ್ನಿಸುತ್ತದೆ. ‘ಮೋಡ ಹಾಕಿದೆ, ಬಟ್ಟೆ ತೆಗಿಯೇ’ ಅಂತ ಅಜ್ಜಿ ಕೂಗಿದರೆ ವೆದರ್. ‘ಆರಿದ್ರ ಮಳೆ ಆರದೆ ಹುಯ್ಯುತ್ತೆ’ ಅನ್ನುವುದು ಎಷ್ಟೋ ಮಳೆಗಾಲ ನೋಡಿ ಕಟ್ಟಿದ ಮಾತು, ಅಪ್ಪಟ ಕ್ಲೈಮೇಟ್. ಒಂದು ವರ್ಷ ಆರಿದ್ರ ಕೈಕೊಟ್ಟರೆ ಗಾದೆ ಸುಳ್ಳಾಗಲ್ಲ, ಅಲ್ವಾ? ವ್ಯತ್ಯಾಸ ಗೊತ್ತಿತ್ತು, ಹೆಸರಿಟ್ಟಿರಲಿಲ್ಲ ಅಷ್ಟೆ.

ಸದ್ಯಕ್ಕೆ ವೆದರ್‌ಗೆ ‘ಹವಾಮಾನ’, ಕ್ಲೈಮೇಟ್‌ಗೆ ‘ಹವಾಗುಣ’ ಅಂತ ಇಟ್ಟುಕೊಂಡಿದ್ದೇನೆ. ಮಾನ ಅಂದರೆ ಅಳತೆ, ದಿನಕ್ಕೊಂದು ಬರಬಹುದು. ಗುಣ ಹಾಗಲ್ಲ, ಬೇಗ ಬದಲಾಗುವುದಿಲ್ಲ. ಅದು ಬದಲಾಗುತ್ತಿದೆ ಅನ್ನುವುದೇ ಈಗಿನ ತಲೆನೋವು. ವಾಯುಗುಣವೂ ಸರಿಯೇ, ಆದರೆ ಹವಾಮಾನದ ಪಕ್ಕ ಹವಾಗುಣ ಕೂತರೆ ಮಕ್ಕಳ ಕಿವಿಗೆ ಜೋಡಿ ಬೇಗ ಸಿಗುತ್ತದೆ.

ಕೇಳಬೇಕಾದ್ದು ಇಷ್ಟು. ಪೇಪರಿನಲ್ಲಿ ದಿನಾ ‘ಹವಾಮಾನ ಬದಲಾವಣೆ’ ಓದುವವರಿಗೆ ‘ಹವಾಗುಣ ಬದಲಾವಣೆ’ ಜಾಸ್ತಿ ಪರಕೀಯ ಅನ್ನಿಸುತ್ತಾ? ‘ಆ ಊರಿನ ಹವಾ ಒಗ್ಗಲಿಲ್ಲ’ ಅನ್ನುವಾಗಿನ ಬರೀ ‘ಹವಾ’ ಸಾಕಾಗುತ್ತಾ? ನಿಮ್ಮ ಕಡೆ ಇದಕ್ಕೆ ಬೇರೆ ಆಡುಮಾತು ಇದ್ದರೆ ತಿಳಿಸಿ. ಪುಸ್ತಿಕೆ ಮುಂದಿನ ವಾರ ಅಚ್ಚಿಗೆ ಹೋಗಬೇಕು.