ರೈಲು ಎಂಜಿನ್ ಮಾದರಿಯ ಕಾರ್ಖಾನೆ ಬಣ್ಣವನ್ನು ಪ್ಲಾಸ್ಟಿಕ್ ಕೆಡದಂತೆ ತೆಗೆಯುವುದು ಹೇಗೆ?

ಕೆಂಪುಸಿಗ್ನಲ್, ಧಾರವಾಡ

ನನ್ನ ಬಳಿ ಎಸ್‌ಡಿ70ಮ್ಯಾಕ್ ಡೀಸೆಲ್ ಎಂಜಿನ್ನಿನ ಎಚ್‌ಓ (ನಿಜದ 87ರಲ್ಲೊಂದು ಅಳತೆಯ) ಮಾದರಿಯೊಂದಿದೆ. ಅಮೆರಿಕದ ಬರ್ಲಿಂಗ್ಟನ್ ನಾರ್ದರ್ನ್ ರೈಲ್ವೆಯ ಕಡುಹಸಿರು ಮತ್ತು ಕೆನೆ ಬಣ್ಣ. ನಮ್ಮ ಗೂಡ್ಸ್ ಎಂಜಿನ್ ಡಬ್ಲ್ಯುಡಿಜಿ-4 ಕೂಡ ಅದೇ ಇಎಂಡಿ ಕಂಪನಿಯ ಮನೆತನದ್ದು. ಹಾಗಾಗಿ ಮೂತಿಯನ್ನೂ ಕ್ಯಾಬನ್ನೂ ತಿದ್ದಿ ಹುಬ್ಬಳ್ಳಿ ಶೆಡ್ಡಿನ ಎಂಜಿನ್ ಮಾಡಿಕೊಳ್ಳುವ ಆಸೆ. ಪೇಂಟ್ ಅಂಗಡಿಯವರು ಥಿನ್ನರ್ ಕೊಟ್ಟಿದ್ದಾರೆ, ಗೆಳೆಯನೊಬ್ಬ ಬ್ರೇಕ್ ಆಯಿಲ್ ಎನ್ನುತ್ತಾನೆ. ಶೆಲ್ (ಹೊರಗಿನ ಕವಚ) ಪೂರ್ತಿ ಪ್ಲಾಸ್ಟಿಕ್. ರೇಡಿಯೇಟರ್ ಜಾಲರಿ, ಬಾಗಿಲ ಹಿಡಿಕೆಗಳು ಅಳಿಸಿಹೋಗಬಾರದು. ಯಾವುದನ್ನು ಬಳಸಲಿ?

ಹಳಿಮನೆ, ಬೆಂಗಳೂರು

ಮೊದಲು ಆ ಥಿನ್ನರ್ ಬಾಟಲಿಯನ್ನು ಕೋಣೆಯಿಂದ ಆಚೆ ಇಡಿ. ಎನ್‌ಸಿ ಥಿನ್ನರ್, ಅಸಿಟೋನ್ ಎರಡೂ ಬಣ್ಣದೊಂದಿಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. ಹಿತ್ತಾಳೆಯ ಮಾದರಿಯಾಗಿದ್ದರೆ ಮಾತು ಬೇರೆ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ನಾನೇ ಕೇಳುತ್ತೇನೆ: ಬಣ್ಣವನ್ನು ತೆಗೆಯಲೇಬೇಕೆ? ಕಾರ್ಖಾನೆಯ ಪದರ ಸಾಮಾನ್ಯವಾಗಿ ತೆಳ್ಳಗಿರುತ್ತದೆ, ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಅಕ್ಷರಗಳ ಅಂಚನ್ನು ಮಾತ್ರ 2000 ನಂಬರಿನ ನೀರುಕಾಗದದಿಂದ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಸಮ ಮಾಡಿ, ಮೇಲೆ ಪ್ರೈಮರ್ ಹೊಡೆದರೆ ಎಷ್ಟೋ ಸಲ ಅಷ್ಟೇ ಸಾಕು. ಜಾಲರಿಯ ಸಂದುಗಳು ಬಣ್ಣದಿಂದ ಮುಚ್ಚಿಹೋಗಿದ್ದರೆ, ಅಥವಾ ಹಿಂದೆ ಯಾರೋ ಕುಂಚದಿಂದ ಬಳಿದಿದ್ದರೆ ಮಾತ್ರ ಪೂರ್ತಿ ತೆಗೆಯಬೇಕು.

ತೆಗೆಯುವುದೇ ಆದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಎಸ್.ಪಿ. ರಸ್ತೆಯಂಥ ಕಡೆ ಸರ್ಕ್ಯೂಟ್ ಬೋರ್ಡ್ ತೊಳೆಯಲೆಂದು 99 ಶೇಕಡಾದ್ದು ಸಿಗುತ್ತದೆ. 70 ಶೇಕಡಾದ್ದು ಬೇಡ, ಅದರಲ್ಲಿ ಉಳಿದದ್ದು ನೀರು, ಕೆಲಸ ನಿಧಾನ. ಗಾಜು, ದೀಪದ ಮಸೂರ, ಕೈಗಂಬಿ ಎಲ್ಲವನ್ನೂ ಬಿಚ್ಚಿಡಿ. ಶೆಲ್ಲಿನ ಒಳಗೋಡೆಗೆ ಒಂದು ತೊಟ್ಟು ಹಚ್ಚಿ ಅರ್ಧ ಗಂಟೆ ಕಾಯಿರಿ. ಅಂಟಂಟಾದರೆ, ಸಣ್ಣ ಬಿರುಕು ಕಂಡರೆ ಅಲ್ಲೇ ನಿಲ್ಲಿಸಿ. ಹಳೆಯ ಎಬಿಎಸ್ ಪ್ಲಾಸ್ಟಿಕ್ ಶೆಲ್‌ಗಳು, ಅದರಲ್ಲೂ ಒತ್ತಡ ಬೀಳುವ ಮೂಲೆಗಳು, ಆಲ್ಕೊಹಾಲಿಗೆ ಬಿರುಕು ಬಿಡುವುದುಂಟು. ಏನೂ ಆಗದಿದ್ದರೆ ಮುಚ್ಚಳವಿರುವ ಡಬ್ಬಿಯಲ್ಲಿ ಮುಳುಗಿಸಿ, ಆಗಾಗ ತೆಗೆದು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಸಂದಿಗೆ ಬಿದಿರಿನ ಕಡ್ಡಿ, ಉಕ್ಕಿನ ಸೂಜಿಯಲ್ಲ. ಬಣ್ಣ ಬಿಡುತ್ತಿಲ್ಲ ಎಂದು ಇನ್ನೂ ಕಟುವಾದ ದ್ರವಕ್ಕೆ ಹಾರಬೇಡಿ, ಇನ್ನೊಂದು ರಾತ್ರಿ ನೆನೆಯಲು ಬಿಡಿ.

ಆಲ್ಕೊಹಾಲಿನ ಆವಿಗೆ ಕೋಣೆಯ ಉಷ್ಣತೆಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಖಂಡಿತ ಬೇಡ. ಅಲ್ಟ್ರಾಸಾನಿಕ್ ತೊಳೆಯುವ ಯಂತ್ರದಲ್ಲಿ ನೇರವಾಗಿ ಇದನ್ನು ಸುರಿಯುವ ಜಾಣರೂ ಇದ್ದಾರೆ, ಅವರ ವೀಡಿಯೊ ನೋಡಿ ಕಲಿಯಬೇಡಿ.

ಮಲ್ನಾಡ್‌ಮೇಲ್, ಶಿವಮೊಗ್ಗ

ನಾನು ಡೆಟಾಲ್ ಬಳಸುತ್ತೇನೆ. ನೀರು ಬೆರೆಸದೆ ಮುಳುಗಿಸಿ ಒಂದು ರಾತ್ರಿ ಬಿಟ್ಟರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಉಜ್ಜಿದ ಮೇಲೆ ಮತ್ತೆ ಡೆಟಾಲಿನಲ್ಲೇ ತೊಳೆಯಬೇಕು, ನೀರು ಕೊನೆಗೆ. ಮೊದಲೇ ನೀರು ತಾಗಿದರೆ ಎದ್ದ ಬಣ್ಣ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಮನೆ ಮಾತ್ರ ಎರಡು ದಿನ ಆಸ್ಪತ್ರೆಯ ವಾಸನೆ.

ಅಂದಹಾಗೆ, ಎಚ್‌ಓ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದು 1435 ಮಿಲಿಮೀಟರ್ ಹಳಿಯನ್ನು ಕಿರಿದಾಗಿಸಿದ ಅಳತೆ. ನಮ್ಮ 1676ರ ಬ್ರಾಡ್‌ಗೇಜಿಗೆ 19.3 ಆಗಬೇಕು. ಗಾಲಿಗಳನ್ನೂ ಬದಲಿಸುತ್ತೀರಾ?

ಹಳಿಮನೆ, ಬೆಂಗಳೂರು

ಅವರು ಬಣ್ಣ ತೆಗೆಯಲಿ ಬಿಡಿ ಸ್ವಾಮಿ, ಗೇಜ್ ಪರಿವರ್ತನೆ ಆಮೇಲೆ.

ಡೆಟಾಲ್ ಸಲಹೆ ಸರಿಯಾಗಿದೆ. ಆಲ್ಕೊಹಾಲ್ ಸೋತ ಕಡೆ ನೋಡಬಹುದು, ಒಳಗೋಡೆಯ ಪರೀಕ್ಷೆ ಅದಕ್ಕೂ ಇರಲಿ.

ಕೆಂಪುಸಿಗ್ನಲ್, ಧಾರವಾಡ

ಹಳಿ 16.5ರಲ್ಲೇ ಓಡಲಿ, ಗಾಲಿಯ ತಂಟೆಗೆ ಹೋಗುವುದಿಲ್ಲ. ಬ್ರೇಕ್ ಆಯಿಲ್ ಬಗ್ಗೆ ಏನೂ ಹೇಳಲಿಲ್ಲವಲ್ಲ? ಇನ್ನೊಂದು ವಿಷಯ: ಶೆಲ್ಲಿನ ಅಂಚಿನಲ್ಲಿ ಸ್ವಲ್ಪ ಉಜ್ಜಿ ನೋಡಿದೆ, ಹಸಿರು ಹೋದರೂ ಪ್ಲಾಸ್ಟಿಕ್ಕಿನಲ್ಲಿ ಕಲೆ ಉಳಿದಿದೆ.

ಹಳಿಮನೆ, ಬೆಂಗಳೂರು

ಕಲೆಯನ್ನು ಹಿಂಬಾಲಿಸಬೇಡಿ. ಉಗುರಿಗೆ ಅಂಚು ತಾಗದಿದ್ದರೆ ಮುಗಿಯಿತು, ಬೂದು ಪ್ರೈಮರ್ ಅದನ್ನು ನುಂಗುತ್ತದೆ. ಬಿಳಿಯಾಗುವವರೆಗೆ ಉಜ್ಜುವವರೇ ರಿವೆಟ್‌ಗಳ ಸಣ್ಣ ಉಬ್ಬುಗಳನ್ನು ಕಳೆದುಕೊಳ್ಳುವುದು.

ಬ್ರೇಕ್ ಆಯಿಲ್ ಬಣ್ಣ ಎಬ್ಬಿಸುವುದು ನಿಜ, ಸ್ಕೂಟರ್ ಮೆಕ್ಯಾನಿಕ್‌ಗಳನ್ನು ಕೇಳಿ. ಗ್ಲೈಕಾಲ್ ಮೂಲದ ಡಾಟ್ 3, ಡಾಟ್ 4 ದರ್ಜೆಯದಾದರೆ ಮಾತ್ರ. ಸಿಲಿಕೋನಿನ ಡಾಟ್ 5 ಏನೂ ಮಾಡುವುದಿಲ್ಲ. ಆದರೆ ಕೆಲವು ಪ್ಲಾಸ್ಟಿಕ್‌ಗಳು ಅದರಲ್ಲಿ ನೆನೆದು ಪೆಡಸಾಗುತ್ತವೆ, ಚರ್ಮಕ್ಕೂ ಒಳ್ಳೆಯದಲ್ಲ, ಬಳಸಿದ್ದನ್ನು ಚರಂಡಿಗೆ ಸುರಿಯುವಂತಿಲ್ಲ. ಆಲ್ಕೊಹಾಲನ್ನಾದರೆ ಬಟ್ಟೆಯಲ್ಲಿ ಸೋಸಿ ಮತ್ತೆ ಬಳಸಬಹುದು. ನೀವು ಇಷ್ಟು ದೂರ ಬಂದಿದ್ದೀರಿ, ಬ್ರೇಕ್ ಆಯಿಲಿನ ಗೊಡವೆ ಬೇಡ.

ಬಣ್ಣ ಪೂರ್ತಿ ಹೋದ ಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆಯಿರಿ. ಕುದಿನೀರಿನಲ್ಲಿ ಶೆಲ್ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡಿನ ಮೇಲೆ ಪ್ರೈಮರ್ ನಿಲ್ಲುವುದಿಲ್ಲ. ಮೂತಿ ಕತ್ತರಿಸುವ ಕೆಲಸವನ್ನು ಪ್ರೈಮರಿಗೆ ಮುಂಚೆಯೇ ಮುಗಿಸಿಕೊಳ್ಳಿ.