ಅಲ್ಟಿಮೇಟಮ್‌ನ ಐದು ಸಂಚಿಕೆ: ಮಗಳಿಗೆ ಕೊಡಲೇ, ಬಚ್ಚಿಡಲೇ?

ಅಟ್ಟದ ಪೆಟ್ಟಿಗೆ: ಮಗಳಿಗೆ ಹದಿಮೂರು ವರ್ಷ, ಪೀಟರ್ ಪಾರ್ಕರ್ ನಂತರ ಸ್ಪೈಡರ್‌ಮ್ಯಾನ್ ಆದ ಮೈಲ್ಸ್ ಮೊರಾಲೆಸ್ ಎಂದರೆ ಪ್ರಾಣ. ಅವನು ಹುಟ್ಟಿದ, ಮಾರ್ವೆಲ್‌ನ ಅಲ್ಟಿಮೇಟ್ ಕಾಮಿಕ್ಸ್ ಮಾಲಿಕೆಯನ್ನು ಮೊದಲಿನಿಂದ ಓದುತ್ತೇನೆಂದು ಹಟ ಹಿಡಿದಿದ್ದಾಳೆ. 2000ದಿಂದ ಕೂಡಿಟ್ಟಿದ್ದನ್ನು ಅಟ್ಟದಿಂದ ಇಳಿಸಿಕೊಟ್ಟೆ. ಈಗ ಸ್ಪೈಡರ್‌ಮ್ಯಾನ್ 128ನೇ ಸಂಚಿಕೆಗೆ ಬಂದಿದ್ದಾಳೆ. ಮುಂದಿನದು ಮ್ಯಾನ್‌ಹ್ಯಾಟನ್ ಮುಳುಗುವ ಕತೆ, ಐದು ಸಂಚಿಕೆಯ ಅಲ್ಟಿಮೇಟಮ್. ಬ್ಲಾಬ್ ಎಂಬ ಖಳ ವಾಸ್ಪ್ ಎಂಬ ನಾಯಕಿಯ ಹೆಣ ತಿನ್ನುವ ಪುಟ ನೆನೆದರೆ ನನಗೇ ಇಂದಿಗೂ ಊಟ ಸೇರುವುದಿಲ್ಲ. ಆ ಐದನ್ನು ಬಿಟ್ಟು ಮುಂದಿನದನ್ನು ಕೊಟ್ಟರೆ ಅವಳಿಗೆ ಕತೆಯ ಎಳೆ ಸಿಗುತ್ತದೆಯೇ? ಮಕ್ಕಳಿಗೆ ಓದಿಸಿದವರು ಹೇಳಿ.

ಗಿರಿನಗರದ ಗಿರಾಕಿ: ನಿಮ್ಮ ಮಗಳ ವಿಷಯ ಆಮೇಲೆ, ಮೊದಲು ನನ್ನದನ್ನು ಕೇಳಿ. ಒಂದೊಂದು ಸಂಚಿಕೆಗೆ 3.99 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 190 ರೂಪಾಯಿ, ಅಂಚೆ ಖರ್ಚು ಬೇರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಸಂಬಳದಲ್ಲಿ ಬಾಡಿಗೆ ಕಳೆದು ಉಳಿದದ್ದನ್ನೆಲ್ಲ ಇದಕ್ಕೇ ಸುರಿದೆ. 2008ರ ನವೆಂಬರ್‌ನಲ್ಲಿ ಶುರುವಾದ ಐದೇ ಸಂಚಿಕೆಯ ಕತೆ ಮುಗಿದದ್ದು 2009ರ ಜುಲೈನಲ್ಲಿ! ಮೂರನೆಯದು ಬಂದ ಲಕೋಟೆ ಮಳೆಯಲ್ಲಿ ನೆನೆದು ಮುಖಪುಟ ಅಲೆಅಲೆಯಾಗಿ ಎದ್ದಿತ್ತು. ಅಂಗಡಿಯವನು ಹಣ ವಾಪಸ್ ಕೊಡಲಿಲ್ಲ, ಇನ್ನೊಂದು ಪ್ರತಿಯೂ ಕೊಡಲಿಲ್ಲ.

ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದೇನು? ಮಗಳು ವಾಂಡಾ ಸತ್ತಳೆಂದು ಖಳನಾಯಕ ಮ್ಯಾಗ್ನೆಟೋ ಅಲೆ ಎಬ್ಬಿಸಿ ಊರನ್ನೇ ಮುಳುಗಿಸುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನ್ನ ಡೇರ್‌ಡೆವಿಲ್, ಅಂದರೆ ಮ್ಯಾಟ್ ಮರ್ಡಾಕ್, ಒಂದು ಹೊಡೆದಾಟವೂ ಇಲ್ಲದೆ, ಒಂದು ಮಾತೂ ಆಡದೆ ಅವಶೇಷದ ನಡುವೆ ಹೆಣವಾಗಿ ಸಿಗುತ್ತಾನೆ. ಬೀಸ್ಟ್, ನೈಟ್‌ಕ್ರಾಲರ್, ಡ್ಯಾಜ್ಲರ್, ಎಕ್ಸ್‌ಮೆನ್ ತಂಡದ ಇವರೆಲ್ಲರೂ ನೀರುಪಾಲು. ಪೂರ್ತಿ ಸಂಗ್ರಹವನ್ನು ಚರ್ಚ್ ಸ್ಟ್ರೀಟ್‌ಗೆ ಹೊತ್ತುಕೊಂಡು ಹೋಗಿ ತೂಕದ ಬೆಲೆಗೆ ಮಾರಿದೆ. ಆಟೋ ಬಾಡಿಗೆ ಕಳೆದು ಕೈಗೆ ಬಂದದ್ದು 310 ರೂಪಾಯಿ.

ಬರ್ಗರ್ ಫ್ರಾಗ್ ನೌಕರ: ಮಾರಿದಿರಾ? ಹಾಗಾದರೆ ನಿಮಗೆ ಮುಂದಿನದು ಗೊತ್ತೇ ಇಲ್ಲ. ಪ್ರವಾಹದ ನಂತರ ಹೊಸದಾಗಿ ಒಂದರಿಂದ ಶುರುವಾದ ಸ್ಪೈಡರ್‌ಮ್ಯಾನ್ ಇಡೀ ಮಾಲಿಕೆಯಲ್ಲೇ ಶ್ರೇಷ್ಠ. ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಬರ್ಗರ್ ಅಂಗಡಿಯಲ್ಲಿ ದುಡಿಯುತ್ತಾನೆ. ಮನೆಮಠವಿಲ್ಲದ ಜಾನಿ ಸ್ಟಾರ್ಮ್, ಬಾಬಿ ಡ್ರೇಕ್ ಇಬ್ಬರನ್ನೂ ಮೇ ಅತ್ತೆ ಮನೆಗೆ ಸೇರಿಸಿಕೊಳ್ಳುತ್ತಾಳೆ. ಒಬ್ಬ ಬೆಂಕಿ, ಒಬ್ಬ ಮಂಜುಗಡ್ಡೆ, ಒಂದೇ ಮನೆ. ನಾನು ಆಗ ಮೈಸೂರಿನಲ್ಲಿ ಆರು ಜನರಿದ್ದ ಕೋಣೆಯಲ್ಲಿದ್ದೆ. ಅದನ್ನು ಓದಿ ನಗುತ್ತಿದ್ದೆ, ಒಮ್ಮೊಮ್ಮೆ ಅಳುತ್ತಲೂ ಇದ್ದೆ. ಅಲೆ ಬಾರದಿದ್ದರೆ ಆ ಮನೆ ಇಲ್ಲ, ಮೈಲ್ಸ್ ಕೂಡ ಇಲ್ಲ.

ನೂರಮೂವತ್ತನಾಲ್ಕು: ಮೊದಲನೆಯದಾಗಿ, ಮೇ ಪೀಟರ್‌ನ ಅತ್ತೆ ಅಲ್ಲ. ತಂದೆಯ ಅಣ್ಣನ ಹೆಂಡತಿ ದೊಡ್ಡಮ್ಮ. ಎರಡನೆಯದಾಗಿ, ಮೈಲ್ಸ್ ಬಂದದ್ದು ಅಲೆಯಿಂದಲ್ಲ. 160ನೇ ಸಂಚಿಕೆಯಲ್ಲಿ ಹಳೆಯ ಶತ್ರು ನಾರ್ಮನ್ ಆಸ್ಬಾರ್ನ್ ಜೊತೆ ಕಾದಾಡಿ ಪೀಟರ್ ಮನೆಯ ಮುಂದೆಯೇ ಸತ್ತ, ಅದರಿಂದ. ಅದು 2011.

ಇನ್ನು ನನ್ನ ಅನುಭವ. ಸ್ಪೈಡರ್‌ಮ್ಯಾನ್‌ನ ಹಳೆಯ ಮಾಲಿಕೆ 133ಕ್ಕೆ ನಿಂತಿತು. ಹೊಸದು 15ರವರೆಗೆ ಬಂತು. ಆಮೇಲೆ ಅಂಚೆಯಲ್ಲಿ ನೇರ 150 ಬಂದು ಬಿತ್ತು. ಹದಿನಾರು ಸಂಚಿಕೆ ತಪ್ಪಿಸಿಕೊಂಡೆ ಎಂದು ಎದೆ ಧಸಕ್ಕೆಂದಿತು. ಎಂಟು ತಿಂಗಳು 134ನ್ನು ಹುಡುಕಿದೆ. ಚೆನ್ನೈಗೆ ಮದುವೆಗೆ ಹೋದವನು ಮುಹೂರ್ತ ಬಿಟ್ಟು ಹಳೆ ಪುಸ್ತಕದಂಗಡಿ ಸುತ್ತಿದೆ. ಒಬ್ಬ ಮಹಾನುಭಾವ ‘ನನ್ನ ಬಳಿ ಇದೆ’ ಎಂದು ಎಂಟುನೂರು ರೂಪಾಯಿ ಮುಂಗಡ ತೆಗೆದುಕೊಂಡ. ಹೊಸ ಹದಿನೈದನ್ನೂ ಹಳೆಯದಕ್ಕೆ ಸೇರಿಸಿ ಹಳೆಯ ಎಣಿಕೆಗೇ ಮರಳಿದ್ದಾರೆ, 134 ಎಂದು ಅಚ್ಚಾದ ಸಂಚಿಕೆಯೇ ಇಲ್ಲ ಎಂದು ಕೊನೆಗೆ ತಿಳಿಯಿತು. ಮುಂಗಡ ಇಂದಿಗೂ ಬಂದಿಲ್ಲ.

ಬರ್ಗರ್ ಫ್ರಾಗ್ ನೌಕರ: ಮೇಯ ಗಂಡ ಬೆನ್ ಅಣ್ಣನೋ ತಮ್ಮನೋ, ನೀವು ಜಾತಕ ನೋಡಿದ್ದೀರಾ? ತಮ್ಮನಾದರೆ ಚಿಕ್ಕಮ್ಮ.

ನೂರಮೂವತ್ತನಾಲ್ಕು: ಆ ತಲೆಗೂದಲು ನೋಡಿದರೆ ಗೊತ್ತಾಗುವುದಿಲ್ಲವೇ? ಏನೇ ಆಗಲಿ ಅತ್ತೆಯಂತೂ ಅಲ್ಲ.

ಗಿರಿನಗರದ ಗಿರಾಕಿ: ಬಾಂಧವ್ಯದ ಪಾಠ ಸಾಕು. ಎಕ್ಸ್‌ಮೆನ್ ನಾಯಕ ಸೈಕ್ಲಾಪ್ಸ್‌ನನ್ನು ಭಾಷಣದ ನಡುವೆ ಗುಂಡಿಕ್ಕಿ ಕೊಂದದ್ದನ್ನು ಯಾರಾದರೂ ಸಮರ್ಥಿಸುತ್ತೀರಾ? ಎಕ್ಸ್‌ಮೆನ್ ಪತ್ರಿಕೆಯನ್ನು ನೂರಕ್ಕೆ, ಫೆಂಟಾಸ್ಟಿಕ್ ಫೋರ್ ಅನ್ನು ಅರವತ್ತಕ್ಕೆ ನಿಲ್ಲಿಸಿದರು. ನನಗೆ ಬೇಕಾದವರೆಲ್ಲ ಹೋದರು. ನಿಮ್ಮ ಪೀಟರ್ ಉಳಿದ, ಅದಕ್ಕೇ ನಿಮಗೆ ತತ್ವಜ್ಞಾನ.

ಕಡಲತೀರ: ಉಡುಪಿಯಲ್ಲಿ ಪುಸ್ತಕ ಕಾಯುವವರ ಕಷ್ಟ ನಿಮಗಾರಿಗೂ ತಿಳಿಯದು. ಒಂದೊಂದಕ್ಕೂ ಪ್ಲಾಸ್ಟಿಕ್ ಚೀಲ, ಹಿಂದೆ ರಟ್ಟು, ಪೆಟ್ಟಿಗೆಯ ಮೂಲೆಯಲ್ಲಿ ನುಸಿ ಗುಳಿಗೆ. ಆದರೂ ಒಂದು ಆಟಿಯಲ್ಲಿ ಹೆಂಚು ಸೋರಿ ಕೆಳಗಿನ ಪೆಟ್ಟಿಗೆ ಪೂರ್ತಿ ಹೋಯಿತು. ಚಿತ್ರಕಾರ ಬ್ಯಾಗ್ಲಿ ಬಿಡಿಸಿದ ಸ್ಪೈಡರ್‌ಮ್ಯಾನ್‌ನ ಮೊದಲ 111 ಸಂಚಿಕೆಗಳಲ್ಲಿ ಒಂಬತ್ತು ಮಾತ್ರ ಉಳಿದವು. ಮಿಕ್ಕವುಗಳ ಪುಟ ಬಿಡಿಸಲು ಹೋದರೆ ಹಪ್ಪಳದಂತೆ ಮುರಿಯುತ್ತಿತ್ತು. ಮೇಲಿನ ಪೆಟ್ಟಿಗೆಯಲ್ಲಿದ್ದ ಅಲ್ಟಿಮೇಟಮ್ ಐದಕ್ಕೆ ಐದೂ ಹೊಸತರಂತಿವೆ. ನೀರಿನ ಕತೆಗೆ ನೀರು ತಾಗಲಿಲ್ಲ!

ನೂರಮೂವತ್ತನಾಲ್ಕು: ನುಸಿ ಗುಳಿಗೆ ಇಟ್ಟಿರಾ? ಆ ವಾಸನೆ ಸಾಯುವವರೆಗೂ ಹೋಗುವುದಿಲ್ಲ. ಅದಕ್ಕಿಂತ ಗೆದ್ದಲೇ ವಾಸಿ.

ಕಡಲತೀರ: ಇಲ್ಲದ ಸಂಚಿಕೆಗೆ ಮುಂಗಡ ಕೊಟ್ಟವರಿಂದ ನಾನು ಬುದ್ಧಿ ಕಲಿಯಬೇಕಾಗಿಲ್ಲ.

ಅಟ್ಟದ ಪೆಟ್ಟಿಗೆ: ದಯವಿಟ್ಟು, ಮಗಳ ವಿಷಯ? ನಾಳೆ ಭಾನುವಾರ, ಮುಂದಿನ ಕಂತು ಕೇಳುತ್ತಾಳೆ.

ಬರ್ಗರ್ ಫ್ರಾಗ್ ನೌಕರ: ಆ ಐದನ್ನು ಕೊಡಬೇಡಿ, ಸ್ಪೈಡರ್‌ಮ್ಯಾನ್ 129ರಿಂದ 133 ಕೊಡಿ, ಅಷ್ಟೇ ಸಾಕು. ಪ್ರವಾಹ ಅದರಲ್ಲೇ ಇದೆ, ಹೆಣ ತಿನ್ನುವುದಿಲ್ಲ. ಪೀಟರ್ ಜನರನ್ನು ಉಳಿಸುವುದನ್ನು ಕಣ್ಣಾರೆ ಕಂಡು ಅವನನ್ನು ಸದಾ ಹಳಿಯುತ್ತಿದ್ದ ಪತ್ರಿಕೆಯ ಜೇಮ್ಸನ್‌ನಂತಹ ಜೇಮ್ಸನ್ ಕರಗುತ್ತಾನೆ. 133ರಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಕೊನೆಗೆ ಹರಿದ ಮುಖವಾಡ ಸಿಗುತ್ತದೆ. ನನ್ನ ತಮ್ಮನಿಗೆ ಹೀಗೇ ಓದಿಸಿದೆ. ಮುಖವಾಡದ ಪುಟ ಬಂದಾಗ ಪುಸ್ತಕ ಮುಚ್ಚಿ, ‘ಸತ್ತನಾ?’ ಎಂದ. ನಾನು ಹೇಳಲಿಲ್ಲ. ರಾತ್ರಿ ಊಟ ಮಾಡಲಿಲ್ಲ, ಅಮ್ಮ ನನ್ನನ್ನು ಬೈದರು.

ಗಿರಿನಗರದ ಗಿರಾಕಿ: ಆ 133 ನಾನು ಓದಿಯೇ ಇಲ್ಲ. ಮೂರನೆಯದು ನೆನೆದು ಬಂದ ಸಿಟ್ಟಿಗೆ ಈ ಐದನ್ನು ಬಿಟ್ಟು ಬೇರೆಯದನ್ನು ತರಿಸುವುದನ್ನೇ ನಿಲ್ಲಿಸಿದ್ದೆ. ಯಾರ ಬಳಿಯಾದರೂ ಎರಡು ಪ್ರತಿ ಇದೆಯೇ?

ಕಡಲತೀರ: ನನ್ನಲ್ಲಿದೆ. ಗುಳಿಗೆ ವಾಸನೆ ಇರುತ್ತದೆ. ನಾನೂರು, ಅಂಚೆ ಖರ್ಚು ನಿಮ್ಮದು.

ಗಿರಿನಗರದ ಗಿರಾಕಿ: ಪೂರ್ತಿ ಸಂಗ್ರಹಕ್ಕೇ ನನಗೆ ಸಿಕ್ಕಿದ್ದು ಮುನ್ನೂರ ಹತ್ತು ಸ್ವಾಮಿ. ಇನ್ನೂರೈವತ್ತಕ್ಕೆ ಕೊಡಿ, ಮಳೆ ಹಿಡಿಯುವ ಮುಂಚೆ ಕಳಿಸಿ.